ಆರನೆಯ ಸ್ಥಳದ ಶೇವಂತೆವ್ವ

ನೀರು ಬರುವುದಕ್ಕೆ ಮೊದಲು ನಳ ಬುಸುಗುಡುತ್ತದೆ. ಆಲಮೇಲದ ಆ ಓಣಿಯಲ್ಲಿ ನಾಲ್ಕು ದಿನಕ್ಕೊಮ್ಮೆ, ಇನ್ನೂ ಬೆಳಕು ಹರಿಯುತ್ತಿರುವಾಗ, ಒಣಗಿದ ಕೊಳವೆಯೊಳಗಿಂದ ಮೊದಲು ಗಾಳಿ ಹೊರಬೀಳುತ್ತದೆ. ಒಂದಷ್ಟು ಹೊತ್ತು ಬುಸ್ಸೆಂದು, ಎರಡು ಸಲ ಕೆಮ್ಮಿ, ಆಮೇಲೆ ನೀರು. ಆ ಸಪ್ಪಳಕ್ಕೇ ಹೆಂಗಸರೆಲ್ಲ ಕೊಡ ಎತ್ತಿಕೊಂಡು ಓಡುತ್ತಾರೆ. ಹಿಂದೆಲ್ಲ ಎಲ್ಲರಿಗಿಂತ ಮೊದಲು ಮುಟ್ಟುತ್ತಿದ್ದವಳು ಶೇವಂತೆವ್ವ. ನಳ ಇರುವುದೇ ಅವಳ ಮನೆಯ ಎದುರಿಗೆ.

2021ರ ತಪಸ್ಸುಕಾಲದ, ಎಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತದ, ಕೊನೆಯ ವಾರ. ಬುಧವಾರ ನಸುಕಿನಲ್ಲಿ ಅವಳು ಕೊಡ ಹಿಡಿದು ಹೊರಗೆ ಬಂದಾಗ ಸಾಲಿನಲ್ಲಿದ್ದ ಕೊಡಗಳೆಲ್ಲ ಸರಸರನೆ ಪಕ್ಕಕ್ಕೆ ಸರಿದವು. ಯಾರೂ ಅವಳ ಮುಖ ನೋಡಲಿಲ್ಲ. ಮೂಲೆಮನೆಯ ರಾಜಶ್ರೀ ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಂದಳು:

“ಯಕ್ಕ, ನೀ ಕಡೀಕ ತುಂಬ್ಕೋ. ನೀ ಮುಟ್ಟಿದ ಮ್ಯಾಲ ನಳಾ ತೊಳಿಬೇಕಾಗ್ತೈತಿ. ಅದಕ್ಕ ನೀರು ಎಲ್ಲಿಂದ ತರೂದು?”

“ನೀರಿನ ನಳಾ ನೀರಿಲೆ ತೊಳಿಯಾಕಿ! ಭಾರಿ ಶಾಣ್ಯಾಕಿ ಅದಿ ಬಿಡು,” ಅಂದಳು ಶೇವಂತೆವ್ವ. ಒಂದಿಬ್ಬರು ನಕ್ಕರು. ನಕ್ಕವರೂ ತಮ್ಮ ಕೊಡವನ್ನು ಹತ್ತಿರ ತರಲಿಲ್ಲ.

ಅವಳು ಬೇವಿನ ಗಿಡದ ಕೆಳಗೆ ನಿಂತು ಕಾದಳು. ಅವಳ ಸರದಿ ಬಂದಾಗ ನೀರು ಸಣ್ಣಗಾಗಿತ್ತು. ಒಂದು ಕೊಡ ತುಂಬಿತು, ಎರಡನೆಯದು ಅರ್ಧಕ್ಕೆ ನಿಂತಿತು. ಅರ್ಧ ಕೊಡದಲ್ಲಿ ಮೈ ತೊಳೆದುಕೊಂಡು ಸಿಂದಗಿಯ ಬಸ್ಸು ಹಿಡಿದಳು.

ಸಿಂದಗಿಯ ದವಾಖಾನೆಯೊಂದರಲ್ಲಿ ಅವಳು ಆಯಾ. ಹಾಸಿಗೆ ಬದಲಿಸುವುದು, ಮಲಮೂತ್ರದ ಪಾತ್ರೆ ತೆಗೆಯುವುದು, ಏಳಲಾರದವರ ಮೈ ಒರೆಸುವುದು ಅವಳ ಕೆಲಸ. ಹುಟ್ಟಿದ್ದು ದೇವಣಗಾಂವದಲ್ಲಿ, ಭೀಮಾ ನದಿಯ ದಂಡೆಯ ಮೇಲೆ. ಹದಿನೆಂಟಕ್ಕೆ ಆಲಮೇಲಕ್ಕೆ ಸೊಸೆಯಾಗಿ ಬಂದಳು. ಗಂಡ ಬಸಣ್ಣ ಗೌಂಡಿ. ಮನೆ ಕಟ್ಟುವವನ ಮನೆಗೇ ಗಿಲಾವು ಇರಲಿಲ್ಲ ಎಂದು ಅವಳು ಈಗಲೂ ನಗುತ್ತಾಳೆ. ಎಂಟು ವರ್ಷದ ಹಿಂದೆ ಅವನು ಕಾಮಾಲೆಯಾಗಿ ಅದೇ ದವಾಖಾನೆಯಲ್ಲಿ ಹನ್ನೆರಡು ದಿನ ಮಲಗಿದ್ದ. ಆ ಹನ್ನೆರಡು ದಿನ ಶೇವಂತೆವ್ವ ಅವನನ್ನು ನೋಡಿಕೊಂಡ ರೀತಿಯನ್ನು ವಾರ್ಡಿನ ವಿಜಯಶ್ರೀ ಸಿಸ್ಟರ್ ನೋಡಿದ್ದರು. ಅವನದಷ್ಟೇ ಅಲ್ಲ, ಪಕ್ಕದ ಹಾಸಿಗೆಯ ಪರವೂರಿನ ಮುದುಕನ ಬಾಯಿಯನ್ನೂ ಅವಳು ಒರೆಸುತ್ತಿದ್ದಳು. ಬಸಣ್ಣ ಉಳಿಯಲಿಲ್ಲ. ತಿಂಗಳು ಕಳೆದ ಮೇಲೆ ಸಿಸ್ಟರ್ ಹೇಳಿ ಕಳಿಸಿದರು, ಗುತ್ತಿಗೆಯ ಮೇಲೆ ಒಂದು ಜಾಗ ಇದೆ ಎಂದು. ಆ ಕೆಲಸದಲ್ಲೇ ಮಗಳು ಸುವರ್ಣಾಳನ್ನು ಓದಿಸಿ ಇಂಡಿಗೆ ಮದುವೆ ಮಾಡಿಕೊಟ್ಟಳು. ಈಗ ಮನೆಯಲ್ಲಿ ಅವಳೊಬ್ಬಳೇ.

ಆ ಓಣಿಯಲ್ಲಿ ಹದಿನಾಲ್ಕು ಕಥೋಲಿಕ ಮನೆಗಳು, ತುದಿಗೆ ಒಂದು ಸಣ್ಣ ಚರ್ಚು. ಫಾದರ್ ಇರುವುದು ಸಿಂದಗಿಯ ಕಡೆ. ಭಾನುವಾರಕ್ಕೊಮ್ಮೆ ಮೋಟಾರ್ ಸೈಕಲ್ಲಿನ ಮೇಲೆ ಬಂದು ಪೂಜೆ ಮಾಡಿ ಹೋಗುತ್ತಾರೆ. ಆದರೆ ತಪಸ್ಸುಕಾಲದ ಶುಕ್ರವಾರಗಳಲ್ಲಿ ಚರ್ಚಿಗಿಂತ ಓಣಿಯೇ ದೊಡ್ಡದು. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಹಾದಿಯಲ್ಲಿ ಹದಿನಾಲ್ಕು ಸ್ಥಳಗಳು. ಐವತ್ತು ವರ್ಷದ ಹಿಂದಿನ ಒಬ್ಬ ಫಾದರ್ ಅವನ್ನು ಚರ್ಚಿನ ಗೋಡೆಗೆ ತೂಗುಹಾಕದೆ ಮನೆಗೊಂದರಂತೆ ಹಂಚಿದ್ದರು. ಒಂದೊಂದು ಮನೆಗೂ ಒಂದೊಂದು ಚಿತ್ರ, ಸಾಗವಾನಿ ಚೌಕಟ್ಟು, ಗಾಜು. ವರ್ಷವಿಡೀ ಅದು ಆ ಮನೆಯದು. ಶುಕ್ರವಾರ ಮನೆಯಾಕೆ ಕಟ್ಟೆ ತೊಳೆದು ಚೌಕಟ್ಟನ್ನು ಅದರ ಮೇಲಿಟ್ಟು ಒಂದು ಬೇವಿನ ಎಸಳು ಸಿಕ್ಕಿಸಬೇಕು. ಜನ ಮನೆಯಿಂದ ಮನೆಗೆ ಬಂದು ಮೊಣಕಾಲೂರುತ್ತಾರೆ.

ಆರನೆಯ ಮನೆ ಶೇವಂತೆವ್ವನದು. ಆರನೆಯ ಸ್ಥಳದಲ್ಲಿ ವೆರೋನಿಕಾ ಎಂಬ ಹೆಂಗಸು ಸಿಪಾಯಿಗಳನ್ನು ತಳ್ಳಿಕೊಂಡು ಹೋಗಿ ಯೇಸುಸ್ವಾಮಿಯ ರಕ್ತ ಬೆವರಿನ ಮುಖ ಒರೆಸುತ್ತಾಳೆ. ಓಣಿಯವರು ಇದಕ್ಕೊಂದು ತಮ್ಮದೇ ಪದ್ಧತಿ ಕೂಡಿಸಿಕೊಂಡಿದ್ದರು. ಆ ಮನೆಯಾಕೆ ಬಿಳಿ ಅರಿವೆ ಒದ್ದೆ ಮಾಡಿ ಚಿತ್ರದ ಗಾಜು ಒರೆಸುತ್ತಾಳೆ, ಆಮೇಲೆ ಅದೇ ಅರಿವೆಯಲ್ಲಿ ಎಲ್ಲರ ಮುಖ. ಬಿಸಿಲಿನಲ್ಲಿ ನಡೆದು ಬಂದವರು ಮಕ್ಕಳ ಹಾಗೆ ಮುಖ ಮುಂದೆ ಮಾಡಿ ಕಣ್ಣು ಮುಚ್ಚುತ್ತಾರೆ. ಶೇವಂತೆವ್ವನಿಗೆ ಆ ಅರಿವೆ ಬಂದದ್ದು ಅತ್ತೆಯಿಂದ.

ಅತ್ತೆ ಒಂದು ಮಾತು ಹೇಳುತ್ತಿದ್ದಳು. ಊರ ದೇವರ ಪಲ್ಲಕ್ಕಿ ತಮ್ಮ ಓಣಿಯ ಬಾಯಿಗೆ ಬಂದು ತಿರುಗಿ ಹೋಗುತ್ತಿತ್ತಂತೆ. ಒಳಗೆ ಒಂದು ದಿನವೂ ಬರಲಿಲ್ಲ. ಊರ ಬಾವಿಯೂ ಹಾಗೆಯೇ, ಮೇಲಿನವರು ಹೊಯ್ದಷ್ಟು ನೀರು. “ಈ ದೇವರು ಒಬ್ಬ ನೋಡವಾ, ನಮ್ಮ ಬಾಗಲಿಗೆ ತಾನ ಬಂದು ನಿಂತಾಂವ,” ಎಂದು ಚೌಕಟ್ಟು ತೊಳೆಯುವಾಗ ಹೇಳುತ್ತಿದ್ದಳು. ಅತ್ತೆಗೆ ಓದು ಬರುತ್ತಿರಲಿಲ್ಲ. ಧರ್ಮೋಪದೇಶವೆಂದರೆ ಅವಳಿಗೆ ಅಷ್ಟೇ: ಬಾಗಿಲಿಗೆ ಬಂದು ನಿಂತವನು.

ಕೊರೊನಾ ಬಂದ ಮೊದಲ ವರ್ಷ ಎಲ್ಲವೂ ಬಂದಾಗಿತ್ತು. ಶಿಲುಬೆ ಹಾದಿ ನಡೆಯಲಿಲ್ಲ. ಆ ವರ್ಷವೆಲ್ಲ ಶೇವಂತೆವ್ವ ಪ್ಲಾಸ್ಟಿಕ್ ಅಂಗಿಯೊಳಗೆ ಆರಾರು ತಾಸು ಬೇಯುತ್ತ ಕೆಲಸ ಮಾಡಿದಳು. ಅಂಗಿ ಒಮ್ಮೆ ತೊಟ್ಟರೆ ನೀರು ಕುಡಿಯುವಂತಿಲ್ಲ, ಹೊರಗೆ ಹೋಗುವಂತಿಲ್ಲ. ರೋಗ ಇಳಿದ ಮೇಲೆ, ಜನವರಿಯಲ್ಲಿ, ಚರ್ಚಿನಲ್ಲಿ ಅವಳಿಗೆ ಸನ್ಮಾನ ಇಟ್ಟರು. ಚರ್ಚಿನ ಕಮಿಟಿಯ ಕಾರ್ಯದರ್ಶಿ ಅನಿಲಕುಮಾರ ಮಾಸ್ತರು ತ್ಯಾಗ ಎಂಬ ಶಬ್ದವನ್ನು ಹತ್ತು ಸಲವಾದರೂ ಬಳಸಿ ಭಾಷಣ ಮಾಡಿದರು. ಹೊದಿಸುವ ಹೊತ್ತಿಗೆ ಮಾತ್ರ ಶಾಲನ್ನು ಖಾಲಿ ಕುರ್ಚಿಯ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, “ನೀವ ಹೊದ್ಕೋರಿ,” ಅಂದರು. ಅವಳು ತಾನೇ ಹೊದ್ದುಕೊಂಡಳು. ಚಪ್ಪಾಳೆ ಬಿತ್ತು. ಅವತ್ತು ನಗು ಬಂದಿತ್ತು. ಸಿಟ್ಟು ಬರಲು ಎರಡು ತಿಂಗಳು ಹಿಡಿಯಿತು.

ಈ ವರ್ಷ ಬೂದಿ ಬುಧವಾರದಿಂದ ಅವಳು ಎಲೆ ಅಡಿಕೆ ಬಿಟ್ಟಳು. ಪ್ರತಿ ತಪಸ್ಸುಕಾಲಕ್ಕೂ ಅವಳು ಬಿಡುವುದು ಅದನ್ನೇ, ಏಕೆಂದರೆ ಬಿಡಲು ಕಷ್ಟವಾಗುವುದು ಅದೊಂದೇ. ಮೊದಲ ಶುಕ್ರವಾರಗಳು ಚೆನ್ನಾಗಿ ನಡೆದವು. ಅರಿವೆಯಿಂದ ಮುಖ ಒರೆಸುವುದನ್ನು ಅವಳೇ ಬೇಡವೆಂದಳು. ದವಾಖಾನೆಯವಳಿಗೆ ಅಷ್ಟು ತಿಳಿಯದೆ? ಚಿತ್ರದ ಗಾಜು ಮಾತ್ರ ಒರೆಸಿದಳು. ಮಾರ್ಚ್ ನಡುವಿಗೆ ರೋಗ ಮತ್ತೆ ಎದ್ದಿತು. ಮುಚ್ಚಿದ್ದ ಕೊರೊನಾ ವಾರ್ಡು ತೆರೆದರು, ಅವಳನ್ನು ಅಲ್ಲಿಗೇ ಹಾಕಿದರು. ಆ ಸುದ್ದಿ ಅವಳಿಗಿಂತ ಮೊದಲು ಓಣಿ ಮುಟ್ಟಿತ್ತು. ಆಮೇಲೆ ಹಬ್ಬಗಳಿಗೆ ಮಂದಿ ಸೇರಬಾರದೆಂಬ ಆದೇಶ ಬಂತು. ಶುಭ ಶುಕ್ರವಾರ ಬೆಳಗ್ಗೆ ಹತ್ತೇ ಜನ, ಮುಖಗವಸು ಹಾಕಿಕೊಂಡು ಹದಿನಾಲ್ಕು ಸ್ಥಳ ಮುಗಿಸುವುದೆಂದು ಕಮಿಟಿ ನಿರ್ಧರಿಸಿತು.

ಇನ್ನೊಂದು ನಿರ್ಧಾರವನ್ನೂ ಮಾಡಿತ್ತು. ಅದನ್ನು ಹೇಳಲು ಆ ಬುಧವಾರ ಸಂಜೆ ಅನಿಲಕುಮಾರ ಮಾಸ್ತರು ಬಂದರು. ಕೈಯಲ್ಲಿ ಔಷಧ ಸಿಂಪಡಿಸುವ ನೀಲಿ ಬಾಟಲಿ ಇತ್ತು. ನಳದ ಆಚೆಗೇ ನಿಂತರು.

“ಶೇವಂತೆವ್ವ, ನಿಮ್ಮ ಮನಿ ಚೌಕಟ್ಟು ಕಟ್ಟಿ ಮ್ಯಾಲ ಇಟ್ಟು ಒಳಗ ಹೋಗವಾ. ನಾ ಔಷಧ ಹೊಡದು ಒಯ್ತೇನಿ. ಈ ಸಲ ಆರನೇ ಸ್ಥಳ ಗುಂಡವ್ವನ ಮನಿ ಮುಂದ.”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. “ಔಷಧ ಯಾರಿಗೆ ಹೊಡೀತೀರಿ ಮಾಸ್ತರ್ರ? ಯೇಸುಸ್ವಾಮಿಗೇನು?”

“ಗಾಜಿಗವಾ, ಗಾಜಿಗೆ.”

“ನನಗ ಎರಡೂ ಸೂಜಿ ಆಗ್ಯಾವ್ರಿ. ಜನವರಿಯಾಗ ಒಂದು, ಫೆಬ್ರವರಿಯಾಗ ಒಂದು. ಈ ಓಣ್ಯಾಗ ಎರಡೂ ಸೂಜಿ ಆದಾಕಿ ನಾ ಒಬ್ಬಾಕಿ. ನೀವು ಮಾಡಿಸ್ಕೊಂಡೀರೇನು?”

“ಅದು ಖರೆ. ಆದ್ರ ಮಂದಿಗೆ ಅಂಜಿಕಿ ಐತಿ.”

“ಆತು. ನಾ ಹೊರಗ ಬರಂಗಿಲ್ಲ. ಬಾಗಲಾ ಹಾಕ್ಕೊಂಡು ಒಳಗ ಕುಂದರ್ತೇನಿ.”

“ಮಂದಿ ಒಪ್ಪೂದಿಲ್ಲ.”

“ಹಂಗಾರ ಮನ್ಯಾಗ ಇರಂಗೇ ಇಲ್ಲ. ಡ್ಯೂಟಿಗೆ ಹೋಗಿಬಿಡ್ತೇನಿ. ಖಾಲಿ ಕಟ್ಟಿ ಮುಂದ ಎರಡು ನಿಮಿಷ ನಿಲ್ಲಾಕ ಏನು ಅಡ್ಡಿ?”

ಮಾಸ್ತರು ಬಾಟಲಿಯನ್ನು ಈ ಕೈಯಿಂದ ಆ ಕೈಗೆ ಮಾಡಿದರು. “ಬರೇ ಕೊರೊನಾದ್ದಲ್ಲವಾ. ನಿಂದು ಹೇಲು ಉಚ್ಚಿ ಬಳಿಯೂ ಕೆಲಸ. ಮಂದಿ ಮನಸಿನ್ಯಾಗ ಒಂದು ಇರ್ತೈತಿ. ತಿಳ್ಕೋಬೇಕು ನೀನೂ.”

ಅವಳು ಅವರ ಮುಖವನ್ನೇ ನೋಡಿದಳು. ಈ ಮಾತು ಆಡುತ್ತಿರುವವರ ಮುತ್ಯಾ ಊರಿನ ಸತ್ತ ದನ ಎಳೆಯುತ್ತಿದ್ದ. ಊರಿನವರು ಅವನನ್ನು ನಿಲ್ಲಿಸುತ್ತಿದ್ದದ್ದೂ ಇಷ್ಟೇ ದೂರಕ್ಕೆ, ಹೇಳುತ್ತಿದ್ದದ್ದೂ ಇದನ್ನೇ, ತಿಳಿದುಕೊಳ್ಳಬೇಕು ನೀನೂ ಎಂದು. ಆ ದೂರವನ್ನು ದಾಟಲೆಂದೇ ಈ ಓಣಿಯವರು ಚರ್ಚಿಗೆ ಬಂದವರು. ಈಗ ಅದನ್ನು ತಮ್ಮೊಳಗೇ ಅಳೆದುಕೊಡುತ್ತಿದ್ದಾರೆ.

“ಚೌಕಟ್ಟು ಕೊಡಂಗಿಲ್ಲ,” ಅಂದಳು. “ಹೋಗ್ರಿ.”

“ಏನಂತಿ?”

“ಕಿವಿಗೆ ಗವಸು ಹಾಕ್ಕೊಂಡಿಲ್ಲಲ್ಲ ನೀವು. ಕೊಡಂಗಿಲ್ಲಂದೆ.”

ಮಾಸ್ತರು ಹೋದ ಮೇಲೆ ಪಕ್ಕದ ಗೋಡೆಯ ಆಚೆ ಗುಂಡವ್ವನ ತಲೆ ಕಾಣಿಸಿತು. ಏಳನೆಯ ಮನೆಯವಳು, ಒಂದೇ ವರ್ಷ ಇಬ್ಬರೂ ಈ ಓಣಿಗೆ ಸೊಸೆಯರಾಗಿ ಬಂದವರು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಶೇವಂತಿ, ನಮ್ಮ ಸೊಸಿ ಬಸರಿ ಅದಾಳವಾ. ಎಂಟು ತಿಂಗಳು. ಮಾಸ್ತರ ಕೇಳಿದ್ರು, ನಾ ಹೂಂ ಅಂದೆ.”

“ಸೊಸಿ ಬಸರಿ ಅಂತ ಆರನೇ ಸ್ಥಳಾ ಮನಿಗೆ ಕರಕೊಂಡಿಯೇನು? ನಾ ಬಂದ್ರ ಜಡ್ಡು, ಆ ಹತ್ತು ಮಂದಿ ಬಂದ್ರ ಸೀತಾಫಲ ತರ್ತಾರ?”

ಗೋಡೆಯ ಆಚೆ ಗುಂಡವ್ವನ ತಲೆ ಇಳಿಯಿತು. ಮಾಸ್ತರ ಮಾತಿಗಿಂತ ಆ ಇಳಿದ ತಲೆ ಅವಳಿಗೆ ಹೆಚ್ಚು ಚುಚ್ಚಿತು. ರಾತ್ರಿ ಹಾಸಿಗೆಯಲ್ಲಿ ಹೊರಳುತ್ತ ಒಂದು ಎಲೆ, ಒಂದು ಚೂರು ಅಡಿಕೆ ಬೇಕೆನಿಸಿತು. ಡಬ್ಬಿ ಗೋಡೆಯ ಮಾಡದಲ್ಲೇ ಇತ್ತು. ಮುಟ್ಟಲಿಲ್ಲ.

ಮರುದಿನ ಗುರುವಾರ, ಡ್ಯೂಟಿ ಮುಗಿಸಿ ಅವಳು ಫಾದರ್ ಮನೆಗೆ ಹೋದಳು. ಫಾದರ್ ಕರಾವಳಿ ಕಡೆಯವರು, ಮೂವತ್ತೈದರ ಆಸುಪಾಸು, ಪುಸ್ತಕದ ಕನ್ನಡ. ಸಂಜೆಯ ಪೂಜೆಗೆ ಸಿದ್ಧತೆ ನಡೆಸಿದ್ದರು. ಆ ದಿನ ಹನ್ನೆರಡು ಜನರ ಪಾದ ತೊಳೆಯುವ ವಿಧಿಯನ್ನು ಈ ವರ್ಷ ಬಿಟ್ಟಿದ್ದರು. ಪಡಸಾಲೆಯಲ್ಲಿ ಅವಳಿಗೆ ದೂರ ಒಂದು ಕುರ್ಚಿ ಇಡಿಸಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೆಟ್ಟ ಮನುಷ್ಯ ಅಲ್ಲ. ಅದೇ ಅವಳಿಗೆ ಕಷ್ಟವಾದದ್ದು.

“ಕಮಿಟಿಯವರು ಮೊದಲೇ ನಿರ್ಧಾರ ಮಾಡಿಬಿಟ್ಟಿದ್ದಾರೆ, ಶೇವಂತೆವ್ವ. ನಾನು ಈಗ ಬದಲಿಸಿದರೆ ಹಬ್ಬದ ಹೊತ್ತಿನಲ್ಲಿ ಒಡಕು ಬರುತ್ತದೆ. ನೀವು ಮಾಡುವ ಸೇವೆ ದೊಡ್ಡದು, ದೇವರಿಗೆ ಗೊತ್ತು. ಈ ಒಂದು ವರ್ಷ ಇದನ್ನೂ ಒಂದು ತ್ಯಾಗ ಅಂತ ಒಪ್ಪಿಸಿಬಿಡಿ.”

“ಯಾರಿಗೆ ಒಪ್ಪಸ್ಲಿ ಫಾದರ?”

“ದೇವರಿಗೆ.”

“ದೇವರು ಕೇಳಿಲ್ರಿ. ಮಾಸ್ತರು ಕೇಳ್ಯಾರ.”

ಫಾದರ್ ಸಣ್ಣಗೆ ನಕ್ಕರು. ಅವಳು ನಗಲಿಲ್ಲ.

“ಎಲಿ ಅಡಿಕಿ ಬಿಟ್ಟೇನ್ರಿ ನಾ. ಅದು ತ್ಯಾಗ. ನನ್ನ ಬಾಯಿ, ನನ್ನ ಚಟ, ನಾನ ಬಿಟ್ಟೆ. ಇದು ನಾ ಬಿಟ್ಟದ್ದಲ್ಲ, ನನ್ನ ಕೈಯಾಗಿಂದ ಕಸಗೊಂಡದ್ದು. ಕಸಗೊಂಡದ್ದಕ್ಕೂ ತ್ಯಾಗ ಅಂತ ಹೆಸರಿಟ್ರ ಕಳ್ಳರೆಲ್ಲ ಗುರುಗೋಳಾದಾರು ನೋಡ್ರಿ. ಹೋದ ವರ್ಷ ಅಂಗಿಯೊಳಗ ಬೆಂದೆ, ಯಾರೂ ನನಗ ಒಪ್ಪಿಸು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಕೆಲಸ, ಮಾಡಿದೆ. ಈಗ ನನ್ನ ಬಾಗಲಿಗೆ ಬರೂ ದೇವರನ್ನ ಹೊಳ್ಳಿ ಕಳಿಸಿ, ಅದನ್ನೂ ನನ್ನ ಕೈಲೇ ತಾಟಿನ್ಯಾಗ ಇಟ್ಟು ಕೊಡು ಅಂತೀರಲ್ರಿ.”

“ಕೋಪ ಮಾಡಿಕೊಳ್ಳಬೇಡಿ. ತಪಸ್ಸುಕಾಲ.”

“ನಮಗ ತಪಸ್ಸುಕಾಲ ಯಾವಾಗ ಮುಗೀತೈತ್ರಿ ಫಾದರ?”

ಫಾದರ್ ಪೂಜೆಯ ಪುಸ್ತಕ ಎತ್ತಿಕೊಂಡರು. ನಾಳೆ ನೋಡೋಣ ಅಂದರು. ಆ ‘ನೋಡೋಣ’ ಎಷ್ಟು ತೂಗುತ್ತದೆಂದು ಅವಳಿಗೆ ಗೊತ್ತಿತ್ತು. ದವಾಖಾನೆಯಲ್ಲಿ ಡಾಕ್ಟರುಗಳು ಬದುಕಲಾರದವರ ಮನೆಯವರಿಗೆ ಹೇಳುವುದೂ ಅದನ್ನೇ.

ಶುಭ ಶುಕ್ರವಾರ ಅವಳು ಐದಕ್ಕೇ ಎದ್ದಳು. ಕಟ್ಟೆ ತೊಳೆದಳು. ಚೌಕಟ್ಟನ್ನು ಒದ್ದೆ ಅರಿವೆಯಲ್ಲಿ ಒರೆಸಿ ಕಟ್ಟೆಯ ಮೇಲೆ ಗೋಡೆಗೆ ಆನಿಸಿ, ಬೇವಿನ ಎಸಳು ಸಿಕ್ಕಿಸಿದಳು. ಬಾಗಿಲಿಗೆ ಬೀಗ ಹಾಕಿದಳು. ಡ್ಯೂಟಿಯ ಚೀಲ ಹೆಗಲಿಗೇರಿಸಿ, ಮುಖಗವಸು ಕಟ್ಟಿಕೊಂಡು, ಕಟ್ಟೆಯಿಂದ ದೂರ ಬೇವಿನ ಗಿಡದ ಕೆಳಗೆ ಹೋಗಿ ನಿಂತಳು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಹತ್ತು ಜನ ಬಂದರು. ಮುಂದೆ ಫಾದರ್, ಪಕ್ಕದಲ್ಲಿ ಶಿಲುಬೆ ಹಿಡಿದ ಅನಿಲಕುಮಾರ ಮಾಸ್ತರು, ಹಿಂದೆ ಗುಂಡವ್ವ ಮತ್ತು ಉಳಿದವರು. ಐದನೆಯ ಮನೆಯ ಮುಂದೆ ಮೊಣಕಾಲೂರಿ ಎದ್ದರು. ಹಾಡು ಹಿಡಿದು ಮುಂದೆ ನಡೆದರು. ತೊಳೆದ ಕಟ್ಟೆಯನ್ನೂ ಚೌಕಟ್ಟನ್ನೂ ಎಲ್ಲರೂ ಕಂಡರು. ಕಂಡದ್ದು ಗೊತ್ತಾಗದ ಹಾಗೆ ಓಣಿಯ ಆಚೆ ಬದಿ ಹಿಡಿದು ಸಾಗಿದರು. ಫಾದರ್ ಒಂದು ಗಳಿಗೆ ತಡವರಿಸಿದರು. ಕಾಲು ಮುಂದೆಯೇ ಹೋಯಿತು.

ಶೇವಂತೆವ್ವ ಮಿಸುಕಲಿಲ್ಲ. ಹಾಡು ತನ್ನ ಬಾಗಿಲನ್ನು ದಾಟಿ ಹೋಗುವುದನ್ನು ಕೇಳಿದಳು.

ಗುಂಡವ್ವನ ಮನೆಯ ಮುಂದೆ ಎಲ್ಲರೂ ನಿಂತರು. ಅಲ್ಲಿ ಏಳನೆಯ ಚಿತ್ರ ಇತ್ತು, ಆರನೆಯದು ಇರಲಿಲ್ಲ. ಮಾಸ್ತರು ಅದಕ್ಕೂ ಸಿದ್ಧರಾಗಿದ್ದರು. ಮೊಬೈಲಿನಲ್ಲಿ ವೆರೋನಿಕಾಳ ಚಿತ್ರ ಇಳಿಸಿಕೊಂಡು ಬಂದಿದ್ದರು. ಅದನ್ನು ಎರಡೂ ಕೈಯಿಂದ ಮೇಲೆತ್ತಿ, “ಆರನೆಯ ಸ್ಥಳ,” ಎಂದು ದೊಡ್ಡ ದನಿಯಲ್ಲಿ ಅಂದರು. ಅಷ್ಟರಲ್ಲಿ ಅದು ಗುಂಯ್ಗುಟ್ಟಿತು. ವೆರೋನಿಕಾ ಮಾಯವಾಗಿ ಯಾರದೋ ಹೆಸರು ಮೂಡಿತು. ಗಾಬರಿಯಲ್ಲಿ ಮಾಸ್ತರು ಎಲ್ಲಿ ಒತ್ತಿದರೋ, ಇಡೀ ಓಣಿಗೆ ಕೇಳುವ ಹಾಗೆ ದನಿ ಬಂತು:

“ಮಾಸ್ತರ್ರ, ನಾ ಗೊಬ್ಬರದಂಗಡಿ ಸಂಗು! ಯೂರಿಯಾ ಬಂದೈತಿ, ಲಗೂನ ಬರ್ರಿ, ಪಾಳಿ ಹತ್ತೈತಿ!”

ಮುಖಗವಸುಗಳ ಹಿಂದೆ ಯಾರೋ ಕಿಸಕ್ಕೆಂದರು. ಮಾಸ್ತರು ಮೊಬೈಲನ್ನು ಒರೆಸಿ ಮತ್ತೆ ಎತ್ತಿದರು. ಗುಂಡವ್ವ ಮೊಣಕಾಲೂರಲಿಲ್ಲ.

“ಮಾಸ್ತರ್ರ,” ಅಂದಳು, “ನಮ್ಮ ಮನಿ ಮುಂದ ಯೇಸುಸ್ವಾಮಿ ಎರಡನೇ ಸಲ ಬೀಳೂದೈತಿ. ಬೀಳೂ ಹೊತ್ತಿಗೆ ಬರ್ರಿ. ಮಾರಿ ಒರಸೂದು ಅಲ್ಲೈತಿ.”

ಸೆರಗು ಬಿಗಿದುಕೊಂಡು ಅವಳು ಹಿಂದೆ ತಿರುಗಿದಳು. ಒಬ್ಬಳೇ ನಡೆದು ಬಂದು ಆರನೆಯ ಮನೆಯ ಕಟ್ಟೆಯ ಮುಂದೆ, ಒದ್ದೆ ನೆಲದ ಮೇಲೆ, ಮೊಣಕಾಲೂರಿದಳು. ಪುಸ್ತಕ ಇಲ್ಲದೆ ಆ ಸ್ಥಳದ ಪ್ರಾರ್ಥನೆ ಅವಳಿಗೆ ಬರುತ್ತಿರಲಿಲ್ಲ. ಸುಮ್ಮನೆ ಕೈಜೋಡಿಸಿ ಕುಳಿತಳು. ಉಳಿದವರು ಯಾರೂ ಅಲ್ಲಾಡಲಿಲ್ಲ. ಫಾದರ್ ಎರಡು ಹೆಜ್ಜೆ ಇತ್ತ ಬಂದು ಎರಡು ಮನೆಗಳ ನಡುವೆ ನಿಂತರು.

ಶೇವಂತೆವ್ವನ ಎದೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಹತ್ತರಲ್ಲಿ ಒಬ್ಬಳು ಬಂದಳೆಂದು ಕಣ್ಣು ಒರೆಸಿಕೊಳ್ಳಬೇಕೆ? ಇಷ್ಟು ವರ್ಷ ಕೇಳದೆ ಬರುತ್ತಿದ್ದದ್ದನ್ನು ಇವತ್ತು ಕಟ್ಟೆ ತೊಳೆದು, ಮನೆಗೆ ಬೀಗ ಜಡಿದು, ದೂರ ನಿಂತು ಬೇಡಬೇಕಾಯಿತಲ್ಲ. ಅವಳು ಚೀಲ ಸರಿಮಾಡಿಕೊಂಡು ಬಸ್ಸಿನ ಹಾದಿಗೆ ತಿರುಗಿದಳು.

“ಶೇವಂತೆವ್ವ, ನಿಲ್ಲಿ,” ಎಂದರು ಫಾದರ್. “ಪ್ರಾರ್ಥನೆ ಮುಗಿಸಿಕೊಂಡು ಹೋಗಿ. ಕ್ಷಮಿಸುವುದೂ ಒಂದು...”

“ಬಸ್ಸು ನಿಲ್ಲಂಗಿಲ್ರಿ ಫಾದರ,” ಅವಳು ನಡೆಯುತ್ತಲೇ ಅಂದಳು. ದನಿ ಏರಿತ್ತು, ಮುಖಗವಸಿನೊಳಗಿಂದಲೂ ಓಣಿಯ ತುದಿಯವರೆಗೆ ಕೇಳುತ್ತಿತ್ತು. “ವಾರ್ಡಿನ ಐದನೇ ಹಾಸಿಗಿ ಮ್ಯಾಲ ಬಂದಗಿಸಾಬ ಅಂತ ಮುತ್ಯಾ ಅದಾನ, ನಿನ್ನಿಯಿಂದ ಉಸರು ಮ್ಯಾಲಕ್ಕೇಳಾಕತ್ತೈತಿ, ಅವನ ಮಾರಿ ಒರಸಾಕ ಅಲ್ಲಿ ಬ್ಯಾರೆ ಯಾರೂ ಇಲ್ಲ. ನಾ ಮನ್ಯಾಗಿಲ್ಲ, ನೋಡ್ರಿ, ಬೀಗ ಹಾಕೇನಿ. ಈಗ ನಿಲ್ಲೋರು ನಿಲ್ರಿ, ಹಾಯ್ದು ಹೋಗೋರು ಹಾಯ್ದು ಹೋಗ್ರಿ, ನಾ ಹೊಳ್ಳಿ ನೋಡಂಗಿಲ್ಲ. ಆದ್ರ ಯಾರರೆ ಆ ನೀಲಿ ಬಾಟ್ಲಿ ನನ್ನ ಚೌಕಟ್ಟಿನ ಮ್ಯಾಲ ಎತ್ತಿದ್ರಂದ್ರ, ಮಾಸ್ತರ್ರ, ನಿಮಗ ಹೇಳಾಕತ್ತೇನಿ, ಸಂಜಿಕೆ ನಾ ಬಂದು...” ಎನ್ನುತ್ತ, ಮಾತು ಮುಗಿಸಲೂ ನಿಲ್ಲದೆ, ಅವಳು ಮೂಲೆ ತಿರುಗಿ ಬಸ್ಸಿನ ಕಡೆಗೆ ಹೊರಟುಹೋದಳು.